ತಟ್ಟೆಯ ಬೆನ್ನ ಮೇಲಿನ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಈಗ ಬರೆಯಹೊರಟಿರುವ ಸಂಗತಿ ನಿಜವಾಗಿ ಹೇಗೆ ನಡೆಯಿತೆಂಬುದು ನನಗೇ ಪೂರ್ತಿ ಖಾತ್ರಿಯಿಲ್ಲ. ನಡೆದದ್ದಂತೂ ಹೌದು, ಅದಕ್ಕೆ ಊರೇ ಸಾಕ್ಷಿ. ಆದರೆ ಯಾವ ಮಾತನ್ನು ಯಾರು ಮೊದಲು ಆಡಿದರು ಎಂಬಲ್ಲಿ ನನ್ನ ನೆನಪಿಗೂ ನನ್ನ ಹೆಂಡತಿ ಸುವರ್ಣಳ ನೆನಪಿಗೂ ತಾಳೆಯಾಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವಾಗ ನಮ್ಮ ಗುರುಗಳು ಯಾವುದನ್ನೂ ಸುಲಭವಾಗಿ ನಂಬಬೇಡಿ ಎಂದು ಕಲಿಸಿದ್ದರು. ಆ ಪಾಠವನ್ನು ನಾನು ಎಷ್ಟು ಶ್ರದ್ಧೆಯಿಂದ ಕಲಿತೆನೆಂದರೆ, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ. ಕಂಡಕ್ಟರು ಹೌದೆಂದ ಮೇಲೆ ಪಕ್ಕದಲ್ಲಿ ನಿಂತವರನ್ನು ಕೇಳುತ್ತೇನೆ. ಹೀಗೆ ಕೇಳುತ್ತ ನಿಂತಿದ್ದಾಗಲೇ ಒಮ್ಮೆ ಕಂಪ್ಲಿ ಬಸ್ಸು ಹೊರಟುಹೋಗಿತ್ತು. ವಯಸ್ಸಾಗುತ್ತ ಬಂದಂತೆ ಈ ಸಂಶಯ ಹೊರಗಿನವರನ್ನು ಬಿಟ್ಟು ನನ್ನ ಸ್ವಂತ ನೆನಪಿನ ಬೆನ್ನು ಹತ್ತಿದೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಇದು ತೊಂದರೆ ಕೊಡುವುದಿಲ್ಲ, ಅಲ್ಲಿ ಪುಸ್ತಕ ಇರುತ್ತದೆ. ಮನೆಯಲ್ಲಿ ಸುವರ್ಣ ಇರುತ್ತಾಳೆ.

ಆದರೂ ಒಂದು ಮಾತನ್ನು ಸಂಶಯವಿಲ್ಲದೆ ಹೇಳಬಲ್ಲೆ: ಹೊಸಪೇಟೆಯಲ್ಲಿ ನಮ್ಮ ವಾರ್ಡಿನಂಥ ವಾರ್ಡು ಇನ್ನೊಂದಿಲ್ಲ. ನೀರಿನ ಟ್ಯಾಂಕಿನ ಕೆಳಗಿನ ಹಳೆಯ ಪಂಪ್‌ಹೌಸಿನ ಬಾಗಿಲು ತೆಗೆದರೆ ಕಣ್ಣು ಕೋರೈಸುತ್ತದೆ. ನೆಲದಿಂದ ಸೂರಿನವರೆಗೆ ಸ್ಟೀಲಿನ ತಟ್ಟೆ, ಲೋಟ, ಬೋಗುಣಿ, ಕೊಪ್ಪರಿಗೆ. ಇದು ನಮ್ಮ ಪಾತ್ರೆ ಬ್ಯಾಂಕು. ವಾರ್ಡಿನ ಯಾರ ಮನೆಯಲ್ಲಿ ಕಾರ್ಯವಿದ್ದರೂ ಇಲ್ಲಿಂದ ತಟ್ಟೆ ಒಯ್ಯುತ್ತಾರೆ, ಉಂಡು ವಾಪಸು ತಂದುಕೊಡುತ್ತಾರೆ. ಮೊದಲು ಹೀಗಿರಲಿಲ್ಲ. ಯಾರ ಮನೆಯಲ್ಲಿ ಕಾರ್ಯವಾದರೂ ಮರುದಿನ ಬೆಳಿಗ್ಗೆ ಓಣಿಯ ತಿರುವಿನಲ್ಲಿ ಪ್ಲಾಸ್ಟಿಕ್ ಲೇಪದ ತಟ್ಟೆಗಳ ಗುಡ್ಡ ಬಿದ್ದಿರುತ್ತಿತ್ತು. ಅದನ್ನು ದನ ಎಳೆದಾಡಿ, ನಾಯಿ ಹರಡಿ, ಗಾಳಿ ಹಾರಿಸಿ, ಉಳಿದದ್ದನ್ನು ನಗರಸಭೆಯ ಗಾಡಿ ಹೊತ್ತೊಯ್ಯುತ್ತಿತ್ತು. ಯಾರ ಮನೆಯಲ್ಲಿ ಏನು ಪಲ್ಯ ಮಾಡಿದ್ದರೆಂದು ತಿಳಿಯಲು ಊಟಕ್ಕೆ ಹೋಗಬೇಕಾಗಿರಲಿಲ್ಲ.

ಬ್ಯಾಂಕಿನ ವಿಚಾರ ಮೊದಲು ನನಗೇ ಹೊಳೆಯಿತೆಂದು ನನ್ನ ನೆನಪು. ಹಂಪಿಗೆ ನೆಂಟರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಾಲುವೆಯ ಬದಿಗೆ ಸಾಲಾಗಿ ಕಲ್ಲಿನಲ್ಲಿ ಕೊರೆದ ತಟ್ಟೆಗಳಿವೆಯಲ್ಲ, ಅನ್ನಕ್ಕೊಂದು ಗುಳಿ, ಪಲ್ಯಕ್ಕೊಂದು ಗುಳಿ ಮಾಡಿಟ್ಟದ್ದು, ಅವುಗಳ ಮುಂದೆ ನಿಂತು ಯೋಚಿಸಿದೆ. ಸೈನಿಕರು ಇದರಲ್ಲೇ ಉಣ್ಣುತ್ತಿದ್ದರೆಂದು ಗೈಡು ಹೇಳಿದ. ನಾನು ನಂಬಲಿಲ್ಲ, ಅದು ಬೇರೆ ಮಾತು. ಆದರೆ ಯಾರು ಉಂಡಿದ್ದರೇನು, ಉಂಡೆದ್ದ ಮೇಲೆ ಕಾಲುವೆಯ ನೀರು ಹಾಯಿಸಿದರೆ ಮುಗಿಯಿತು. ತಟ್ಟೆ ಎತ್ತುವ ಗಾಡಿ ಬೇಡ, ಗಾಡಿಗೆ ಡೀಸೆಲ್ ಬೇಡ, ಡೀಸೆಲಿಗೆ ತೆರಿಗೆ ಬೇಡ. ಇದನ್ನು ನೆಂಟರಿಗೆ ವಿವರಿಸಿದಾಗ ಅವರು ಕಬ್ಬಿನ ಹಾಲು ಎಲ್ಲಿ ಸಿಗುತ್ತದೆಂದು ಕೇಳಿದರು. ಈ ಪ್ರಸಂಗದಲ್ಲಿ ಸುವರ್ಣಳ ತಕರಾರು ಇಷ್ಟೇ: ಆ ದಿನ ಕಲ್ಲಿನ ತಟ್ಟೆಗಳ ಮುಂದೆ ನಿಂತು ಆ ಮಾತಾಡಿದ್ದು ತಾನು, ನಾನು ಬಿಸಿಲೆಂದು ಕಾರಿನಲ್ಲೇ ಕೂತಿದ್ದೆ.

ಇರಲಿ. ವಾರ್ಡಿನ ಸಭೆಯಲ್ಲಿ ಮಾತ್ರ ನಾನು ಇದ್ದೆ, ಕಾರು ಇರಲಿಲ್ಲ. ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಪಂಪಾಪತಿಯವರು ಬಂದಿದ್ದರು. ಯಾವಾಗ ನೋಡಿದರೂ ಈಗಷ್ಟೇ ಬೈಸಿಕೊಂಡು ಬಂದವರಂತೆ ಕಾಣುವ ಸಭ್ಯ ಮನುಷ್ಯ. ಬೆಳಿಗ್ಗೆ ಜನರ ಹತ್ತಿರ, ಮಧ್ಯಾಹ್ನ ಮೇಲಿನವರ ಹತ್ತಿರ ಬೈಸಿಕೊಳ್ಳುವುದು ಅವರ ಕೆಲಸದ ಭಾಗ. ನಾನು ಎದ್ದುನಿಂತು, ಊರಿನ ಕಸ ಕಡಿಮೆ ಮಾಡಬೇಕಾದರೆ ನಗರಸಭೆಯೇ ತಟ್ಟೆ ಕೊಂಡು ವಾರ್ಡಿಗೆ ಕೊಡಲಿ ಎಂದೆ. ಜೊತೆಗೆ, ಕಸ ಮಾಡಿದವನೇ ಕಸದ ಖರ್ಚು ಹೊರಬೇಕೆಂಬ ಅರ್ಥಶಾಸ್ತ್ರದ ತತ್ವವನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸಿದೆ. ಅಷ್ಟರಲ್ಲಿ ಚಹಾ ಬಂದು ಹೋಯಿತು. ಪಂಪಾಪತಿಯವರು ತಾಳ್ಮೆಯಿಂದ ಕೇಳಿ ಹೇಳಿದರು: ಮನೆ ಕಂದಾಯದ ಜೊತೆ ಕಟ್ಟಿಸಿಕೊಳ್ಳುವ ಕಸದ ಶುಲ್ಕ ಪೌರಕಾರ್ಮಿಕರ ಪಗಾರಕ್ಕೂ ಡೀಸೆಲಿಗೂ ಸಾಲುವುದಿಲ್ಲ, ಯಾಕೆಂದರೆ ಅದನ್ನು ಕಟ್ಟುವವರೇ ಕಡಿಮೆ. ಒಣ ಕಸ ಮಾರಿ ಬಂದದ್ದು ಅದನ್ನು ವಿಂಗಡಿಸುವ ಕೂಲಿಗೆ ಹೋಗುತ್ತದೆ. ಇನ್ನು ಅನುದಾನ.

"ಮ್ಯಾಲಿಂದ ದುಡ್ಡು ಬರ್ತೈತ್ರಿ ಸರ್. ಆದ್ರ ಗಾಡಿಗೆ ಅಂತ ಬರ್ತೈತಿ, ತಟ್ಟಿಗೆ ಅಂತ ಬರಂಗಿಲ್ಲ. ಕಸ ಹೊರಾಕ ರೊಕ್ಕ ಐತಿ, ಕಸ ಆಗದಂಗ ನೋಡ್ಕೊಳ್ಳಾಕ ಇಲ್ಲ. ನಿಮಗ ಬೇಕಂದ್ರ ಇನ್ನೊಂದು ಗಾಡಿ ಬರ್ಕೊಡ್ತೀನಿ."

ನನ್ನ ಇಷ್ಟು ವರ್ಷದ ಅರ್ಥಶಾಸ್ತ್ರದಲ್ಲಿ ಸ್ಥಳೀಯ ಸಂಸ್ಥೆಗಳ ಹಣಕಾಸನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ. ಕೊನೆಗೆ ಅವರು ತಮ್ಮ ಕೈಲಾದದ್ದನ್ನು ಮುಂದಿಟ್ಟರು. ಹಾಳುಬಿದ್ದ ಪಂಪ್‌ಹೌಸು ಕೊಡಿಸುತ್ತೇನೆ, ತೊಳೆಯಲು ನಲ್ಲಿ ಹಾಕಿಸುತ್ತೇನೆ, ನಿಮ್ಮ ಓಣಿಯ ಹಂಪಮ್ಮನ ಮಹಿಳಾ ಸಂಘ ನಡೆಸಲಿ. ಒಂದಷ್ಟು ಕಾಲ ನೋಡೋಣ, ಸರಿಯಾಗಿ ನಡೆದರೆ ವಾರ್ಡಿನಿಂದ ಬರುವ ಕಸದ ಶುಲ್ಕದಲ್ಲೇ ಒಂದು ಪಾಲು ತೊಳೆಯುವವರ ಕೂಲಿಗೆ ಬಿಡಿಸಿಕೊಡುತ್ತೇನೆ, ನಡೆಯದಿದ್ದರೆ ಕೋಣೆ ವಾಪಸು. ಆದರೆ ತಟ್ಟೆ ನೀವೇ ತರಬೇಕು. ಆಗ ಯಾರೋ "ಎಲ್ಲಾರ ಅಟ್ಟದ ಮ್ಯಾಲ ಇಲ್ಲೇನ್ರಿ" ಎಂದರು. ಆ ಯಾರೋ ನಾನೇ ಎಂದು ನನ್ನ ನೆನಪು. ಹಂಪಮ್ಮನ ಪ್ರಕಾರ ಹಂಪಮ್ಮ.

ಹೊರಗಿನವರಿಗಾಗಿ ಈ ಅಟ್ಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮದುವೆ, ಗೃಹಪ್ರವೇಶಗಳಿಗೆ ಮುಯ್ಯಿ ಮಾಡುವುದೆಂದರೆ ಹೆಚ್ಚಾಗಿ ಪಾತ್ರೆಯೇ. ಪಾತ್ರೆಯಂಗಡಿಯಲ್ಲಿ ಗುರ್ ಎನ್ನುವ ಸಣ್ಣ ಮಿಷನ್ನಿನಿಂದ ಅದರ ಮೇಲೆ ಹೆಸರು ಕೊರೆಸಿ ಕೊಡುತ್ತಾರೆ. ಹೆಸರು ಕೊರೆಯದ ಪಾತ್ರೆ ಕೊಡುವುದೂ ಒಂದೇ, ಬರಿಗೈಯಲ್ಲಿ ಹೋಗುವುದೂ ಒಂದೇ. ಪಡೆದವರು ಅದನ್ನು ಬಳಸುವುದಿಲ್ಲ, ಹೆಸರಿರುವ ಪಾತ್ರೆಯನ್ನು ಬೇರೆಯವರಿಗೆ ಕೊಡುವಂತೆಯೂ ಇಲ್ಲ. ಹೀಗಾಗಿ ಅದು ಅಟ್ಟ ಸೇರುತ್ತದೆ. ಹೊಸಪೇಟೆಯ ಒಂದೊಂದು ಅಟ್ಟದ ಮೇಲೂ ಒಂದು ಮದುವೆಗಾಗುವಷ್ಟು ಸ್ಟೀಲು ದೂಳು ತಿನ್ನುತ್ತ ಕೂತಿದೆ. ನಮ್ಮ ಅಟ್ಟದ ಮೇಲೆ ಮುಖ್ಯವಾಗಿ ಸಂಡೂರಿನ ಎರ್ರಿಸ್ವಾಮಿ ಭಾವ ಇದ್ದರು.

ಎರ್ರಿಸ್ವಾಮಿ ಭಾವ ಎಂದರೆ ಸುವರ್ಣಳ ಅಣ್ಣ. ಅದಿರು ಸಾಗಿಸುವ ಲಾರಿಗಳಿರುವವರು. ಅವರ ಬಿಳಿ ಅಂಗಿಗೂ ಸಂಡೂರಿನ ಕೆಂಪು ಇಳಿದಿರುತ್ತದೆ. ದೊಡ್ಡ ಕೈ, ದೊಡ್ಡ ದನಿ, ಸಣ್ಣ ಕಾರಣಕ್ಕೆ ದೊಡ್ಡ ಸಿಟ್ಟು. ಒಮ್ಮೆ ಒಬ್ಬ ನೆಂಟರ ಮನೆಯಲ್ಲಿ ತಾವು ಕೊಟ್ಟ ಗಡಿಯಾರ ಗೋಡೆಯ ಮೇಲೆ ಕಾಣಲಿಲ್ಲವೆಂದು ಅವರ ಹೊಸಿಲು ತುಳಿಯುವುದನ್ನೇ ಬಿಟ್ಟಿದ್ದರು. ನಮ್ಮ ಗೃಹಪ್ರವೇಶಕ್ಕೆ ಅವರು ಇಡೀ ಪಂಕ್ತಿಗಾಗುವಷ್ಟು ತಟ್ಟೆ ಲೋಟ ಕೊಟ್ಟಿದ್ದರು. ಪ್ರತಿ ತಟ್ಟೆಯ ಬೆನ್ನ ಮೇಲೂ ಅವರ ಕುಟುಂಬದ ಹೆಸರು, ಊರು, ಶುಭ ಹಾರೈಕೆ. ಅದನ್ನು ಚೀಲಕ್ಕೆ ತುಂಬಿ ಬ್ಯಾಂಕಿಗೆ ಕೊಟ್ಟವರು ಯಾರು ಎಂಬುದು ನಮ್ಮ ಮನೆಯ ಬಗೆಹರಿಯದ ಪ್ರಶ್ನೆಗಳಲ್ಲಿ ಒಂದು. ನಾನು ಏಣಿ ಹಿಡಿದಿದ್ದೆ, ಸುವರ್ಣ ಮೇಲಿದ್ದಳು ಎಂದು ನನ್ನ ಹೇಳಿಕೆ. ತನಗೆ ಮಂಡಿನೋವು, ತಾನು ಏಣಿ ಹತ್ತಿ ಎಷ್ಟೋ ವರ್ಷವಾಯಿತು ಎಂದು ಅವಳದು.

ಪಾತ್ರೆ ಕೂಡಿಸುವ ದಿನ ಪಂಪಾಪತಿಯವರು ಉತ್ಸಾಹದಿಂದ ಕಸದ ಗಾಡಿಯನ್ನೇ ತೊಳೆಸಿ, ಮಾವಿನ ತೋರಣ ಕಟ್ಟಿಸಿ ಕಳಿಸಿದರು. ಒಂದು ಚಮಚವೂ ಬೀಳಲಿಲ್ಲ. ಕಸದ ಗಾಡಿಯಲ್ಲಿ ಉಣ್ಣುವ ತಟ್ಟೆ ಹಾಕಬೇಕೇ ಎಂದು ಓಣಿಯ ಅಜ್ಜಿಯರು ಬಾಗಿಲಲ್ಲೇ ನಿಂತು ಗಾಡಿಯನ್ನು ಮುಂದಕ್ಕೆ ಕಳಿಸಿದರು. ಮರುದಿನ ಕಮಲಾಪುರದಿಂದ ಬಾಳೆಗೊನೆ ತರುವ ಟ್ರ್ಯಾಕ್ಟರು ಖಾಲಿ ವಾಪಸು ಹೋಗುವಾಗ ಹಿಡಿದು ನಿಲ್ಲಿಸಿದ ಮೇಲೆ ಅಟ್ಟಗಳು ಇಳಿದವು. ಪಂಪ್‌ಹೌಸು ತುಂಬಿತು. ನಗರಸಭೆಗೆ ಒಂದು ನಲ್ಲಿಯ ಖರ್ಚಿನಲ್ಲಿ ಊರ ದೊಡ್ಡ ಪಾತ್ರೆ ಭಂಡಾರ ಸಿಕ್ಕಿತು.

ಒಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ನಮ್ಮ ಜನ ಊಟಕ್ಕೆ ಕೂತೊಡನೆ ತಟ್ಟೆ ತಿರುವಿ ಬೆನ್ನು ಓದುತ್ತಾರೆ. ಹಂಪಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ, ಕಂಪ್ಲಿಯ ರೈಸ್‌ಮಿಲ್ಲಿನ ಮನೆಯ ಹಿರಿಯಾಕೆ ಹೀಗೆ ತಿರುವಿ ನೋಡಿದರೆ ತನ್ನದೇ ಹೆಸರು. ತಾನು ನಮ್ಮ ಓಣಿಯ ಯಾರದೋ ಮದುವೆಗೆ ಪ್ರೀತಿಯಿಂದ ಕೊಟ್ಟದ್ದು ಹೀಗೆ ಬೀದಿಪಾಲಾಗಿದೆ ಎಂದು ಆಕೆ, ಅಷ್ಟರಲ್ಲಿ ಬಿದ್ದಿದ್ದ ಹೋಳಿಗೆಯನ್ನು ಪಕ್ಕದವರ ತಟ್ಟೆಗೆ ಸರಿಸಿ, ತಟ್ಟೆಯನ್ನು ಸೆರಗಿನಲ್ಲಿ ಒರೆಸಿಕೊಂಡು, ಕಂಕುಳಲ್ಲಿಟ್ಟುಕೊಂಡು ಕಂಪ್ಲಿಗೆ ಹೊರಟುಹೋದರು. ಆ ವಾರವೇ ಇನ್ನೂ ಕೆಲವರು ತಮ್ಮ ನೆಂಟರಿಂದಲೂ ಇಂಥ ಮಾತು ಬರುವ ಮೊದಲೇ ಪಾತ್ರೆ ವಾಪಸು ಒಯ್ಯಲು ಬಂದರು. ಹೀಗೇ ಆದರೆ ಬ್ಯಾಂಕು ಮುಚ್ಚಬೇಕು, ಕೋಣೆ ಹಿಂದಿರುಗಿಸಬೇಕು. ತುರ್ತಾಗಿ ಸಭೆ ಕೂಡಿತು. ಹೆಸರು ಎಲ್ಲವನ್ನೂ ಉಜ್ಜಿಸಿಬಿಡೋಣ, ಹೆಸರೆಂಬುದು ಬರೀ ಅಹಂಕಾರ, ಹಂಪಿಯ ಕಲ್ಲಿನ ತಟ್ಟೆಗಳ ಮೇಲೆ ಯಾರ ಹೆಸರಿದೆ ಎಂದು ಒಬ್ಬರು ದೀರ್ಘವಾಗಿ ಮಾತಾಡಿದರಂತೆ. ಆ ಒಬ್ಬರು ನಾನು ಎಂದು ಎಲ್ಲರೂ ಹೇಳುತ್ತಾರೆ. ಹೆಸರು ಉಳಿಯಲಿ ಎಂದು ವಾದಿಸಿದ್ದು ನಾನೆಂದು ನನ್ನ ನೆನಪು. ಹೇಗೂ, ಉಜ್ಜಿಸುವ ಖರ್ಚು ವಿಚಾರಿಸಿದಾಗ ಹೊಸ ತಟ್ಟೆಯೇ ಅಗ್ಗವೆಂದು ತಿಳಿಯಿತು. ನಗರಸಭೆಯಲ್ಲಿ ಉಜ್ಜುವುದಕ್ಕೂ ಅನುದಾನವಿರಲಿಲ್ಲ. ಹೀಗೆ ಹಣದ ಕೊರತೆಯಿಂದ ಹೆಸರುಗಳು ಉಳಿದವು.

ಇಂಥ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮಗಳ ಕುಬಸ ಬಂತು. ಬಸುರಿ ಮಗಳಿಗೆ ತವರಲ್ಲಿ ಹಸಿರು ಸೀರೆ ಉಡಿಸಿ ಉಣಿಸುವ ಕಾರ್ಯ. ಬ್ಯಾಂಕಿನ ತಟ್ಟೆಯನ್ನೇ ತರಿಸುತ್ತೇನೆಂದು ನಾನು ಹಟ ಹಿಡಿದೆ. ಪಂಪಾಪತಿಯವರು ಇದನ್ನೇ ಪರೀಕ್ಷೆಯೆಂದು ತಿಳಿದು, ಬ್ಯಾಂಕು ನೋಡಬೇಕೆಂದಿದ್ದ ಕಂಪ್ಲಿ ಕಡೆಯ ಒಬ್ಬ ಅಧಿಕಾರಿಯನ್ನೂ ಊಟಕ್ಕೆ ಕರೆದುಕೊಂಡು ಬರುತ್ತೇನೆಂದರು. ಕಾರ್ಯದ ಬೆಳಿಗ್ಗೆ, ಶಾಮಿಯಾನದ ಕೆಳಗೆ ತಟ್ಟೆ ಜೋಡಿಸುತ್ತಿದ್ದ ಸುವರ್ಣ ಒಂದನ್ನು ತಿರುವಿ ನೋಡಿದವಳೇ ನನ್ನನ್ನು ಒಳಗೆ ಕರೆದಳು.

"ಅಣ್ಣ ಬರ್ತಾನ್ರಿ. ಸೋದರಮಾವ ಅಂವ. ಅಂವ ಎದ್ದು ಹೋದ್ರ ನನ್ನ ಮಗಳ ಉಡಿ ತುಂಬೋರು ಯಾರು? ನನಗ ತವರಂತ ಉಳದಿರೋದು ಅದೊಂದ ಬಾಗಿಲಾ."

ಅವಳ ಕಣ್ಣಲ್ಲಿ ನೀರಿತ್ತು. ಅಲ್ಲಿಯವರೆಗೆ ನನಗೆ ಅದು ಸ್ಥಳೀಯ ಹಣಕಾಸಿನ ಪ್ರಶ್ನೆಯಾಗಿತ್ತು. ಬೇರೆ ತಟ್ಟೆ ತರಿಸಲು ಹೊತ್ತಿರಲಿಲ್ಲ, ಯಾವ ತಟ್ಟೆ ಯಾರ ಮುಂದೆ ಬೀಳುತ್ತದೆಂದು ಹೇಳುವಂತಿರಲಿಲ್ಲ. ನಾನು ಕಲಿತದ್ದೆಲ್ಲವನ್ನೂ ಒಟ್ಟುಗೂಡಿಸಿ ಒಂದು ಉಪಾಯ ಮಾಡಿದೆ: ಮಾರ್ಕೆಟ್ಟಿಗೆ ಓಡಿ ಒಂದೇ ಒಂದು ಬಾಳೆಲೆ ತಂದೆ.

ಭಾವ ಬಂದರು, ಮಗಳಿಗೆ ಉಡಿ ತುಂಬುವುದು ಊಟವಾದ ಮೇಲೆ ಎಂದು ಪುರೋಹಿತರು ಹೇಳಿದರು. ಅದನ್ನು ಮೊದಲು ಮುಗಿಸಬಾರದೇ ಎಂದು ನಾನು ಕೇಳಿದ್ದಕ್ಕೆ ಅವರು ಪಂಚಾಂಗ ತೋರಿಸಿದರು. ಪಂಕ್ತಿ ಕೂತಿತು. ಎಲ್ಲರ ಮುಂದೆ ಸ್ಟೀಲಿನ ತಟ್ಟೆ, ಭಾವನ ಮುಂದೆ ಮಾತ್ರ ಎಲೆ. ಅವರ ಪಕ್ಕದಲ್ಲಿ ಕಂಪ್ಲಿಯ ಅಧಿಕಾರಿ, ಆಚೆ ಪಂಪಾಪತಿ. ಭಾವ ಎಲೆಯನ್ನು ನೋಡಿದರು, ಸಾಲನ್ನು ನೋಡಿದರು, ನನ್ನನ್ನು ನೋಡಿದರು. "ಎಲ್ಲಾರಿಗೂ ತಟ್ಟಿ ಇಟ್ಟು ನನಗ್ಯಾಕ್ರೀ ಎಲಿ, ಲೆಕ್ಚರ್ರೇ? ನಾನೇನು ನೈವೇದ್ಯ ತಗೊಳ್ಳಾಕ ಬಂದೀನೇನು?" ಎಂದರು. ನಿಮಗೆ ಸಕ್ಕರೆ ಕಾಯಿಲೆಯಲ್ಲವೇ, ಎಲೆಯೂಟ ಒಳ್ಳೆಯದೆಂದು ಒಂದು ಲೇಖನದಲ್ಲಿ ಓದಿದೆ ಎಂದೆ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ಇರುವುದು ನನಗೆ. ನನ್ನ ನೆನಪು ಅಂಥ ಹೊತ್ತಿನಲ್ಲಿ ಕೈಕೊಡುತ್ತದೆ. ಭಾವನಿಗೆ ಅನುಮಾನ ಬಂತು. ಕೈ ಚಾಚಿ ಕಂಪ್ಲಿಯ ಅಧಿಕಾರಿಯ ಮುಂದಿದ್ದ ಖಾಲಿ ತಟ್ಟೆ ಎತ್ತಿ ತಿರುವಿದರು. ಕನ್ನಡಕ ಹುಡುಕಿದರು. ಹಾಕಿಕೊಂಡರು. ಓದಿದರು.

ಹುಗ್ಗಿಯ ಬೋಗುಣಿ ಹಿಡಿದು ಬರುತ್ತಿದ್ದ ಸುವರ್ಣ ಅಲ್ಲೇ ನಿಂತಳು. ಹಂಪಮ್ಮ ಮೆಣಸಿನಕಾಯಿ ಬಜಿಯ ಬುಟ್ಟಿಯನ್ನು ಎದೆಗೊತ್ತಿಕೊಂಡಳು. ಪಂಪಾಪತಿಯವರು ಮುಂದೆ ಏನಾಗುತ್ತದೆಂದು ತಿಳಿದವರಂತೆ, ಬೈಸಿಕೊಳ್ಳಲು ಸಿದ್ಧರಾಗಿ ತಲೆ ತಗ್ಗಿಸಿದರು.

ಭಾವ ತಟ್ಟೆ ಕೆಳಗಿಟ್ಟು ಪಕ್ಕದ ತಟ್ಟೆ ತಿರುವಿದರು. ಅದರಾಚೆಯದನ್ನು ತಿರುವಿದರು. ಎದ್ದು, ಪಂಕ್ತಿಯ ಉದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ಹೋಗಿ, ವಾಪಸು ಬಂದರು. ಅಧಿಕಾರಿಯನ್ನು ಯಾವ ಊರಿನವರೆಂದು ಕೇಳಿದರು. ಕಂಪ್ಲಿ ಕಡೆಯಿಂದ ಈ ಬ್ಯಾಂಕು ನೋಡಲೆಂದೇ ಬಂದೆ, ತಮ್ಮೂರಲ್ಲೂ ಹೀಗೆ ಮಾಡಬೇಕೆಂದಿದ್ದೇವೆ ಎಂದು ಅವರು ವಿನಯದಿಂದ ಹೇಳಿದರು. ಭಾವ ನನ್ನ ಕಡೆ ತಿರುಗಿದರು.

"ನಿಮ್ಮ ಅಟ್ಟದ ಮ್ಯಾಲ ಇಟ್ಟಿದ್ರ ನನ್ನ ಹೆಸರು ಇಲಿ ಓದ್ತಿದ್ವು. ಇಲ್ಲಿ ಕಂಪ್ಲಿ ಆಫೀಸರ್ರು ಓದಾಕತ್ಯಾರ." ಆಮೇಲೆ ಎಲೆಯನ್ನು ಮಡಿಚಿ ನನ್ನ ಕೈಗಿಟ್ಟು ಸುವರ್ಣಳಿಗೆ ಹೇಳಿದರು: "ತಂಗೀ, ಇದನ್ನ ನಿನ್ನ ಗಂಡಗ ಹಾಕು. ನನಗ ನನ್ನ ತಟ್ಟಿ ಕೊಡು, ಹುಗ್ಗಿ ಆರತೈತಿ."

ಸುವರ್ಣ ಅಳುತ್ತಲೇ ನಕ್ಕು ಎಷ್ಟು ಹುಗ್ಗಿ ಬಡಿಸಿದಳೆಂದರೆ ತಟ್ಟೆಯ ಅಂಚು ಕಾಣಲಿಲ್ಲ. ಅಂದು ಆ ಶಾಮಿಯಾನದ ಕೆಳಗೆ ಭಾವನಷ್ಟು ಹೆಮ್ಮೆಯಿಂದ ಉಂಡವರಿಲ್ಲ. ಮಗಳ ಉಡಿ ತುಂಬುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಬಜಿಯ ಖಾರ ಎಂದರು. ಮುಂದಿನ ವಾರ ಸಂಡೂರಿನಿಂದ ಒಂದು ಲಾರಿ ಬಂತು, ಅದರಲ್ಲಿ ಕೊಪ್ಪರಿಗೆಗಳು. ಷರತ್ತು ಒಂದೇ: ಹೆಸರು ಬೆನ್ನ ಮೇಲಲ್ಲ, ಹೊಟ್ಟೆಯ ಮೇಲಿರಬೇಕು, ದೂರಕ್ಕೆ ಕಾಣುವಂತೆ.

ಸುದ್ದಿ ಹರಡಿತು. ಕಂಪ್ಲಿಯ ಹಿರಿಯಾಕೆ ಕಂಕುಳಲ್ಲಿ ಒಯ್ದ ತಟ್ಟೆಯನ್ನು ವಾಪಸು ತಂದರು, ಜೊತೆಗೆ ಮುಚ್ಚಳದ ಡಬರಿಗಳ ಒಂದು ಸಾಲನ್ನೇ ತಂದರು. ವಾರ್ಡಿನಲ್ಲಿ ತಮ್ಮ ಹೆಸರಿಲ್ಲದ ಮನೆಯವರು ಚಡಪಡಿಸತೊಡಗಿದರು. ಪಂಪಾಪತಿಯವರ ತಲೆ ಆಗ ಓಡಿತು. ಕಸದ ಶುಲ್ಕ ಕಟ್ಟಿದ ಮನೆಯ ಪಾತ್ರೆಯನ್ನು ಮಾತ್ರ ಬ್ಯಾಂಕಿಗೆ ತೆಗೆದುಕೊಳ್ಳುವುದೆಂದು ಸಂಘದವರಿಂದ ಒಂದು ನಿಯಮ ಮಾಡಿಸಿದರು. "ಕಸದ ದುಡ್ಡು ಕೊಡ್ರಿ ಅಂದ್ರ ಬಾಗಿಲಾ ಹಾಕ್ಕೊಂತಿದ್ರು ಸರ್. ಈಗ ಬಾಗಿಲಾ ತಗದು, ಕುಂದ್ರಿಸಿ, ಚಾ ಕೊಟ್ಟು, ನಮ್ಮ ಹೆಸರು ಯಾವಾಗ ಬರ್ತೈತಿ ಅಂತಾರ" ಎಂದರು. ಅವರ ಮುಖದಲ್ಲಿ ಬೈಸಿಕೊಳ್ಳದ ಕಳೆಯನ್ನು ನಾನು ಕಂಡದ್ದು ಅದೇ ಮೊದಲು. ನಮ್ಮ ವಾರ್ಡಿನ ಶುಲ್ಕ ತುಂಬಿ ಬಂತು, ಕೊಟ್ಟ ಮಾತಿನಂತೆ ಅದರಲ್ಲೊಂದು ಪಾಲು ತೊಳೆಯುವ ಹೆಣ್ಣುಮಕ್ಕಳ ಕೂಲಿಗೆ ನಿಂತಿತು, ಓಣಿಯ ತಿರುವಿನ ಗುಡ್ಡ ಕರಗಿತು. ಅಲ್ಲಿ ಮಲಗುತ್ತಿದ್ದ ನಾಯಿಗಳು ಬೇರೆ ವಾರ್ಡಿಗೆ ಹೋದವೆಂದು ಕೇಳಿದ್ದೇನೆ. ಸಂಡೂರಿನಲ್ಲೂ ಒಂದು ಬ್ಯಾಂಕು ಶುರುವಾಗಿದೆ. ಯಾರ ಹೆಸರಿನದೆಂದು ಹೇಳಬೇಕಾಗಿಲ್ಲ. ಸರ್ಕಾರ ಎಷ್ಟೋ ಬಗೆಯ ತೆರಿಗೆಗಳನ್ನು ಕಂಡುಹಿಡಿದಿದೆ, ಆದರೆ ಮನುಷ್ಯನ ಹೆಸರಿನಾಸೆಯ ಮೇಲೆ ತೆರಿಗೆ ಹಾಕಿ ಅವನಿಂದಲೇ ಧನ್ಯವಾದ ಹೇಳಿಸಿಕೊಂಡದ್ದು ನಮ್ಮ ವಾರ್ಡು ಒಂದೇ. ಇದನ್ನು ತರಗತಿಯಲ್ಲಿ ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಹೆಸರಿನ ಮೋಹವಿಲ್ಲದೆ ಈ ಕೆಲಸದಲ್ಲಿ ನಿಂತವನು ನಾನೊಬ್ಬನೇ ಎಂದೂ ಒಮ್ಮೆ ಸೇರಿಸಿದೆ.

ಆಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು, ಸರ್, ಬ್ಯಾಂಕಿನ ದೊಡ್ಡ ಸೌಟಿನ ಮೇಲೆ ನಿಮ್ಮ ಹೆಸರಿದೆಯಲ್ಲ ಎಂದಳು. ನಾನು ಕೊರೆಸಿದ ನೆನಪಿಲ್ಲ. ಮನೆಗೆ ಬಂದು ಸುವರ್ಣಳನ್ನು ಕೇಳಿದೆ. ತನ್ನ ಹೆಸರು ಬಿಟ್ಟು ನನ್ನ ಹೆಸರನ್ನೇಕೆ ಕೊರೆಸಲಿ ಎಂದಳು. ಅದು ಸರಿಯಾದ ವಾದ. ಪಂಪ್‌ಹೌಸಿಗೆ ಹೋಗಿ ನೋಡಿದೆ. ಗೋಡೆಯ ಮೊಳೆಗೆ ನೇತುಹಾಕಿದ ಸೌಟಿನ ಹಿಡಿಯ ಮೇಲೆ ನನ್ನ ಹೆಸರಿತ್ತು, ಮುಂದೆ ಎಂ.ಎ. ಇತ್ತು, ಯಾವ ವಿಷಯದಲ್ಲಿ ಎಂಬುದೂ ಇತ್ತು. ಆದರೂ ಬೇರೆ ಯಾರೋ ಅಭಿಮಾನಿಗಳು ಮಾಡಿಸಿರಬಹುದಲ್ಲ? ಸಂಶಯವೇ ನನ್ನ ಧರ್ಮ. ನೇರ ಪಾತ್ರೆಯಂಗಡಿಗೆ ಹೋದೆ.

ಈ ಇಡೀ ಬರಹದಲ್ಲಿ ನಾನು ಸ್ವತಃ ಹೋಗಿ ವಿಚಾರಿಸಿ ಖಚಿತಪಡಿಸಿಕೊಂಡ ಸಂಗತಿ ಇದೊಂದೇ. ಅಂಗಡಿಯವರು ಮಿಷನ್ನು ನಿಲ್ಲಿಸಿ ಹೇಳಿದರು: "ನೀವ ಬಂದಿದ್ರಿ ಸರ್. ತಟ್ಟಿ ಕೊಡ್ರಿ ಅಂದೆ. ಬ್ಯಾಡ, ತಟ್ಟಿ ಒಬ್ಬ ನೋಡ್ತಾನ, ಸೌಟು ಪಂಕ್ತಿ ಎಲ್ಲಾ ನೋಡ್ತೈತಿ ಅಂದ್ರಿ. ಹಿಡಿ ಮ್ಯಾಲ ಜಾಗಾ ಸಾಲಂಗಿಲ್ಲ ಅಂದ್ರ, ಹೆಸರು ಸಣ್ಣದು ಮಾಡು, ಡಿಗ್ರಿ ಬಿಡಬ್ಯಾಡ ಅಂದ್ರಿ."